ತಾಳಿ ತಟ್ಟೆ ಬರುವವರೆಗೆ

ಡ್ರಮ್ಸ್ ಕಲಿಯುವ ಹುಡುಗ ಹುಡುಗಿಯರು ಈಗಲೂ ಜರಗನಹಳ್ಳಿಯ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಕೈ ನಡುಗುವುದಕ್ಕೆ ಶುರುವಾದ ಮೇಲೆ ನಾನು ಬಾರಿಸುವುದನ್ನು ಬಿಟ್ಟೆ. ಬಂದವರಿಗೆ ಕಾಫಿ ಕೊಟ್ಟು, ಒಂದಿಷ್ಟು ಮಾತಾಡಿ ಕಳಿಸುತ್ತೇನೆ. ಅವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಸಾರ್, ತಾಳ ಗೀಳ ಇಲ್ದೆ ಬಾರಿಸೋ ಈ ಫ್ರೀ ಜಾಝ್ ಅಂದ್ರೆ ಈ ಊರಲ್ಲಿ ಯಾರಿಗೂ ಗೊತ್ತಿಲ್ದೇ ಇದ್ದಾಗ ನಿಮಗೆ ಹೇಗ್ ಸಾರ್ ಹೊಳೀತು? ಯಾವ ರೆಕಾರ್ಡ್ ಕೇಳ್ತಿದ್ರಿ?"

ಅಮೆರಿಕದ ಯಾವುದಾದರೂ ದೊಡ್ಡ ಹೆಸರು ನನ್ನ ಬಾಯಿಂದ ಬರಲಿ ಎಂದು ಅವರಿಗೆ ಆಸೆ. ಮದುವೆ ಮನೆಯ ವಾಲಗದಲ್ಲಿ ಹೊಳೆಯಿತು ಎಂದರೆ, ಅಂಕಲ್ ತಮಾಷೆ ಮಾಡುತ್ತಿದ್ದಾರೆ ಎಂದು ನಗುತ್ತಾರೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ಪ್ರಶಸ್ತಿ, ಸನ್ಮಾನ, ಯಾವ ದೇಶಕ್ಕೆ ಹೋದೆ, ಪೇಪರಿನವರು ನನ್ನನ್ನು 'ಮೊದಲಿಗ' ಎಂದು ಯಾಕೆ ಕರೆದರು ಎನ್ನುವುದೆಲ್ಲ ಬೇರೆ ಕಡೆ ಬಂದಿದೆ, ಅದನ್ನು ಬಿಡುತ್ತೇನೆ. ಈ ಕೆಲಸಕ್ಕೆ ಇಳಿಯುವವರಿಗೆ ಉಪಯೋಗಕ್ಕೆ ಬರುವುದು ಅದಲ್ಲ.

ನಮ್ಮದು ವಾಲಗದ ಮನೆತನ. ಅಪ್ಪ ಡೋಲು. ಅವ್ವನ ಅಣ್ಣ, ಅಂದರೆ ನನ್ನ ಸೋದರಮಾವ ಚಿಕ್ಕಣ್ಣ, ನಾಗಸ್ವರ. ಮೀಸೆ ಬಂದ ಮೇಲೆ ನಾನು ಎರಡನೇ ಡೋಲು. ಎಪ್ಪತ್ತರ ದಶಕದಲ್ಲಿ ಜೆ.ಪಿ. ನಗರ ಇನ್ನೂ ಕಲ್ಲು ನೆಟ್ಟ ಸೈಟುಗಳ ಸಾಲಾಗಿತ್ತು. ನಾವು ಕನಕಪುರ ರಸ್ತೆಯಲ್ಲಿ ಬಸ್ಸು ಹಿಡಿದು, ಡೋಲುಗಳನ್ನು ಮಕ್ಕಳ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು, ಜಯನಗರ ಬನಶಂಕರಿ ಕಡೆಯ ಛತ್ರಗಳಿಗೆ ಹೋಗುತ್ತಿದ್ದೆವು. ಲಗ್ಗೇಜು ಎಂದು ಕಂಡಕ್ಟರ್ ತಕರಾರು ತೆಗೆದರೆ ಮಾವ, "ಸಾಮೀ, ಇದು ಲಗ್ಗೇಜಲ್ಲ, ನಮ್ಮ ಬಾಯಿ" ಎನ್ನುತ್ತಿದ್ದ.

ಮದುವೆಯಲ್ಲಿ ನಮ್ಮ ಕೆಲಸ ಬೆಳಗಿನಿಂದ ಇದ್ದರೂ ಜನಕ್ಕೆ ನಮ್ಮ ನೆನಪಾಗುವುದು ಒಂದೇ ಹೊತ್ತಿಗೆ. ತಾಳಿ ಕಟ್ಟುವಾಗ ಪುರೋಹಿತರೋ ಮನೆಯ ಹಿರಿಯರೋ ತೋರುಬೆರಳೆತ್ತಿ ಆಡಿಸುತ್ತಾ "ಗಟ್ಟಿಮೇಳ, ಗಟ್ಟಿಮೇಳ" ಎನ್ನುತ್ತಾರೆ. ಆ ಗಳಿಗೆಯಲ್ಲಿ ಒಂದು ಸೀನು, ಒಂದು ಅಳು, ಯಾವ ಕೆಟ್ಟ ಶಬ್ದವೂ ಯಾರ ಕಿವಿಗೂ ಬೀಳಬಾರದು. ಅದನ್ನು ಮುಚ್ಚುವುದಕ್ಕೆ ನಾವು. ಗಟ್ಟಿಮೇಳಕ್ಕೆ ತಾಳವಿಲ್ಲ, ಲೆಕ್ಕವಿಲ್ಲ. ಮೂರು ಗಂಟು ಬೀಳುವಷ್ಟು ಹೊತ್ತು ಇದ್ದ ಶಕ್ತಿಯನ್ನೆಲ್ಲ ಹಾಕಿ ಬಾರಿಸುವುದು, ಬೆರಳು ಇಳಿದರೆ ನಿಲ್ಲಿಸುವುದು. ಹಾಗಾಗಿ ಅದನ್ನು ವಿದ್ಯೆ ಎಂದು ನಮ್ಮಲ್ಲೂ ಯಾರೂ ಎಣಿಸುತ್ತಿರಲಿಲ್ಲ.

ನಾನು ಮೇಳಕ್ಕೆ ಸೇರುವ ಹೊತ್ತಿಗೆ ಅಪ್ಪನ ಕಿವಿ ಮಂದವಾಗುತ್ತಾ ಬಂದಿತ್ತು. ತಗಡಿನ ಚಪ್ಪರದ ಕೆಳಗೆ ಅಷ್ಟು ವರ್ಷ ಡೋಲು ಬಾರಿಸಿದರೆ ಇನ್ನೇನಾದೀತು. ಕೊನೆಗೆ ಪೂರ್ತಿ ಹೋದ ಹಾಗೆಯೇ ಆಯಿತು, ಕಿವಿಗೆ ಬಾಯಿಟ್ಟು ಕಿರುಚಿದರೆ ಮಾತ್ರ ಒಂದಿಷ್ಟು ಕೇಳುತ್ತಿತ್ತು. ಹೊರಗೆ ಗೊತ್ತಾದರೆ ಕಿವುಡನ ಮೇಳ ಎಂದು ಯಾರೂ ಕರೆಯುವುದಿಲ್ಲವೆಂದು ನಮ್ಮ ವಠಾರದ ಆಚೆ ಯಾರಿಗೂ ತಿಳಿಯದ ಹಾಗೆ ಬಚ್ಚಿಟ್ಟಿದ್ದೆವು. ಅಪ್ಪ ಮಾವನ ಕೆನ್ನೆ ಉಬ್ಬುವುದನ್ನು ನೋಡಿ ಕೃತಿಯ ಜಾಗ ಹಿಡಿಯುತ್ತಿದ್ದ, ನನ್ನ ಭುಜ ನೋಡಿ ಲಯ ಹಿಡಿಯುತ್ತಿದ್ದ. ತಪ್ಪುತ್ತಿರಲಿಲ್ಲ. ಗೊತ್ತಿದ್ದ ನಮಗೇ ಎಷ್ಟೋ ಸಲ ಮರೆತುಹೋಗುತ್ತಿತ್ತು.

ಆ ದಿನದ ಮದುವೆ ಜಯನಗರದ ಒಂದು ಛತ್ರದಲ್ಲಿ. ತಾಳಿ ಇಟ್ಟ ತಟ್ಟೆಯನ್ನು ಹಿರಿಯರೆಲ್ಲ ಮುಟ್ಟಿ ಹರಸಲೆಂದು ಸಭೆಯಲ್ಲಿ ಒಂದು ಸುತ್ತು ಒಯ್ಯುತ್ತಾರಲ್ಲ, ಅದು ನಡೆದಿತ್ತು. ಹುಡುಗಿಯ ಅಜ್ಜಿಗೆ ಮೆಟ್ಟಿಲು ಹತ್ತಲಾಗದೆ ಅವರು ಕೆಳಗಿನ ಊಟದ ಹಾಲ್‌ನಲ್ಲಿ ಕೂತಿದ್ದರು. ಹುಡುಗನ ದೊಡ್ಡಪ್ಪ ಮಂಟಪದ ಮೇಲಿಂದಲೇ ತೋರುಬೆರಳೆತ್ತಿ, ಜೋರಾಗಿ ಆಡಿಸಿ, "ಅಜ್ಜಿಗೆ ತೋರಿಸ್ರೀ, ಕೆಳಗಡೆ, ಕೆಳಗಡೆ" ಎಂದು ಕೂಗಿದರು.

ಅಪ್ಪನಿಗೆ ಕಂಡದ್ದು ಬೆರಳು ಮಾತ್ರ. ಗಟ್ಟಿಮೇಳ ಹೊಡೆದೇಬಿಟ್ಟ.

ಅಪ್ಪ ಶುರು ಮಾಡಿದ ಮೇಲೆ ನನ್ನ ಕೈ ಕೇಳುತ್ತದೆಯೇ? ನಾನೂ ಹೊಡೆದೆ, ಮಾವನೂ ಊದಿದ. ಇಡೀ ಸಭೆ ಎದ್ದು ನಿಂತು ಅಕ್ಷತೆ ಎರಚಿತು. ಮಂಟಪದಲ್ಲಿ ಮದುವೆ ಗಂಡು ಬರಿಗೈಯಲ್ಲಿ ಕೂತಿದ್ದ, ತಾಳಿ ಇನ್ನೂ ಮೆಟ್ಟಿಲ ಮೇಲಿತ್ತು. ಪುರೋಹಿತರು ಎರಡೂ ಕೈಯೆತ್ತಿ "ನಿಲ್ಸ್ರಯ್ಯಾ" ಎಂದರು. ಮುಂದಿನ ಸಾಲಿನ ಹೆಂಗಸೊಬ್ಬರು ಅವರಿಗಿಂತ ಜೋರಾಗಿ, "ಅಯ್ಯೋ ನಿಲ್ಲಿಸ್ಬೇಡ್ರೋ, ಅಕ್ಷತೆ ಬಿದ್ದಾಗಿದೆ! ತಾಳಿ ಇಲ್ದೆ ಗಟ್ಟಿಮೇಳ ನಿಂತ್ರೆ ಅಪಶಕುನ" ಎಂದು ಕಿರುಚಿದರು. ಅವರು ಹೇಳಿದ್ದೇ ಸರಿ. ಅರ್ಧಕ್ಕೆ ನಿಲ್ಲಿಸಿದ ಗಟ್ಟಿಮೇಳ ನಮ್ಮ ಮನೆತನದಲ್ಲಿ ಯಾರೂ ಕಂಡಿರಲಿಲ್ಲ.

ಜನರ ಮುಖ ನೋಡಿ ಅಪ್ಪನಿಗೆ ಎಡವಟ್ಟಾಗಿದೆ ಎಂದು ಗೊತ್ತಾಯಿತು. ಎಡಗೈ ಬಾರಿಸುತ್ತಿದ್ದ ಹಾಗೇ ಬಲಗೈಯ ಎರಡು ಬೆರಳನ್ನು ಗಂಟಲಿಗೆ ಮುಟ್ಟಿಸಿ ನನ್ನ ಕಡೆ ಹುಬ್ಬು ಹಾರಿಸಿದ: ತಾಳಿ? ನಾನು ಇಲ್ಲವೆಂದು ತಲೆಯಾಡಿಸಿದೆ. ಆ ಮುಖವನ್ನು ನಾನು ಇವತ್ತಿಗೂ ಮರೆತಿಲ್ಲ. ಒಂದು ಕ್ಷಣ ಕಣ್ಣು ಮುಚ್ಚಿ ತೆರೆದ, ಮತ್ತೆ ಬಾರಿಸುತ್ತಾ ಹೋದ.

ತಟ್ಟೆ ಕೆಳಗೆ ಹೋಗಿ, ಅಜ್ಜಿ ಕನ್ನಡಕ ಹುಡುಕಿ, ತಾಳಿ ನೋಡಿ, ಮುಟ್ಟಿ, ಕಣ್ಣಿಗೊತ್ತಿಕೊಂಡು ಕಳಿಸಬೇಕು. ಬರುವ ದಾರಿಯಲ್ಲಿ ಮೆಟ್ಟಿಲ ಮೇಲಿದ್ದವರು ನಾನೂ ಮುಟ್ಟುತ್ತೇನೆ ಎಂದು ಅಡ್ಡ ಹಾಕಬೇಕು. ಮಾವನ ಉಸಿರು ಸಾಕಾಗಿ ನಾಗಸ್ವರ ಕೆಳಗಿಳಿಯಿತು. ಉಳಿದದ್ದು ಎರಡು ಡೋಲು. ಒಂದೇ ಸಮನೆ ಬಾರಿಸಿದರೆ ಕೈ ಮರಗಟ್ಟುತ್ತದೆ, ಕೇಳುವವರಿಗೂ ಅದು ಗಲಾಟೆ ಮಾತ್ರ. ಅಪ್ಪನ ಭುಜ ಸೋಲುವುದು ಕಂಡಾಗ ನಾನು ಮೇಲೆ ಬಂದೆ, ನನ್ನದು ಸೋತಾಗ ಅಪ್ಪ ಬಂದ. ನಾನು ಒಂದು ಮಾತು ಅರ್ಧ ಆಡಿ ಬಿಟ್ಟರೆ ಅವನು ಬೇರೆಯೇ ಕಡೆಯಿಂದ ಅದನ್ನು ಮುಗಿಸುತ್ತಿದ್ದ. ತಾಳ ಇರಲಿಲ್ಲ, ಇದ್ದಿದ್ದರೆ ಅವನಿಗೆ ಕೇಳುತ್ತಲೂ ಇರಲಿಲ್ಲ. ಇಬ್ಬರೂ ಒಬ್ಬರ ಉಸಿರು ಇನ್ನೊಬ್ಬರು ನೋಡಿಕೊಂಡು ನಡೆದೆವು. ನನ್ನ ಜೀವಮಾನದಲ್ಲಿ ಅದಕ್ಕಿಂತ ಹೆದರಿಕೊಂಡು ನಾನು ಬಾರಿಸಿಲ್ಲ, ಅದಕ್ಕಿಂತ ಚೆನ್ನಾಗಿಯೂ ಬಾರಿಸಿಲ್ಲ. ತಟ್ಟೆ ಬಂತು, ಗಂಟು ಬಿತ್ತು. ನಾನು ಎರಡು ಬೆರಳು ಗಂಟಲಿಗೆ ಮುಟ್ಟಿಸಿ ಹೂಂ ಎಂದೆ. ಇಬ್ಬರ ಕೈಯೂ ಒಟ್ಟಿಗೆ ನಿಂತಿತು.

ಮದುವೆಯೇನೋ ಸುಸೂತ್ರವಾಗಿ ಆಯಿತು. ಹುಡುಗಿಯ ತಂದೆ ಮಾವನನ್ನು ಪಕ್ಕಕ್ಕೆ ಕರೆದು, "ಏನ್ರೀ ಚಿಕ್ಕಣ್ಣ, ಕುಡಿದು ಬಂದಿದಾನಾ ನಿಮ್ಮೋನು?" ಎಂದು ಕೇಳಿದರು. ಮಾವ ನೆಲ ನೋಡುತ್ತಾ, "ಸ್ವಲ್ಪ ಆಗಿದೆ ಸಾರ್, ಕ್ಷಮಿಸ್ಬೇಕು" ಎಂದ. ಅಪ್ಪ ಹೆಂಡ ಮುಟ್ಟಿದವನಲ್ಲ. ಕುಡುಕ ಎಂದರೆ ಮುಂದಿನ ಸಲ ಬೇರೆಯವನನ್ನು ಕರೆದುಕೊಂಡು ಬಾ ಎನ್ನುತ್ತಾರೆ, ಕಿವುಡ ಎಂದು ಗೊತ್ತಾದರೆ ಮೇಳವನ್ನೇ ಬಿಡುತ್ತಾರೆ. ಮಾವ ಹಾಗೆ ಲೆಕ್ಕ ಹಾಕಿದ. ನನಗೆ ಮೈಯೆಲ್ಲ ಉರಿಯಿತು, ಆದರೆ ಬೇರೆ ಏನು ಹೇಳಬಹುದಿತ್ತು ಎಂದು ಈಗಲೂ ತೋಚುವುದಿಲ್ಲ.

ಕೈ ತೊಳೆಯುವ ಜಾಗದಲ್ಲಿ ಒಬ್ಬ ಉದ್ದನೆಯ ಮನುಷ್ಯ ನನ್ನನ್ನು ಹಿಡಿದುಕೊಂಡ. ಸಿರಿಲ್ ಎಂದು, ಹುಡುಗಿಯ ತಂದೆ ಕೆಲಸ ಮಾಡುವ ಶಾಲೆಯ ಸಂಗೀತದ ಮೇಷ್ಟರು. ಸಂಜೆ ಹೊತ್ತು ಊರೊಳಗಿನ ಹೋಟೆಲೊಂದರಲ್ಲಿ ಸ್ಯಾಕ್ಸೊಫೋನ್ ಊದುತ್ತಿದ್ದ. "ಗುರು, ಅದೇನ್ ಮ್ಯಾನ್ ನೀವಿಬ್ರೂ ಬಾರಿಸಿದ್ದು? ಯಾವ ತಾಳ?" ಎಂದ. "ತಾಳ ಇಲ್ಲ ಸಾರ್. ಎಡವಟ್ಟು" ಎಂದೆ. "ಹಂಗಾದ್ರೆ ನನಗೆ ಆ ಎಡವಟ್ಟೇ ಬೇಕು. ನಮ್ಮ ಡ್ರಮ್ಮರ್ ಬಾಂಬೆಗೆ ಹೋಗ್ಬಿಟ್ಟ. ಬರ್ತೀಯಾ?" ಎಂದು ಒದ್ದೆ ಕೈಯಲ್ಲೇ ನನ್ನ ಕೈ ಕುಲುಕಿದ.

ಅವತ್ತು ಸಂಜೆ ಮಾವ ಹೇಳಿದ, "ಇನ್ಮೇಲೆ ಮೊದಲನೇ ಡೋಲು ನೀನೇ ಕಣೋ. ನಿಮ್ಮಪ್ಪ ಮನೇಲಿರ್ಲಿ." ಅಪ್ಪನ ಜಾಗದಲ್ಲಿ ನಾನು ಕೂರುವುದೇ? ಮೇಳ ಕೂರುವ ಕೆಂಪು ಜಮಖಾನದ ಬಲತುದಿ ಅವನದು. ಅಲ್ಲಿ ನಾನು ಕೂತರೆ ಅವನಿಗೆ ತಿರುಗಿ ಬರಲು ಜಾಗವಿರುವುದಿಲ್ಲ. ಆಗಲ್ಲ ಎಂದೆ. ಮಾವ ರೇಗಿದ. ನಾನು ಸಿರಿಲ್ ಕರೆದ ಹೋಟೆಲಿಗೆ ಹೋದೆ.

ಅಪ್ಪ ಇದನ್ನು ಬೇರೆ ಥರ ತಿಳಿದುಕೊಂಡ. ಅವ್ವ ಒಂದು ದಿನ ಒಲೆ ಮುಂದೆ ಕೂತು ಮೆಲ್ಲಗೆ ಹೇಳಿದಳು, "ನನ್ ಕಿವಿಗೆ ನಾಚ್ಕೊಂಡು ಮಗ ಮೇಳ ಬಿಟ್ಟು ಓಡಿಹೋದ ಅಂತಾನೆ ನಿಮ್ಮಪ್ಪ." ಹೋಗಿ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಪ್ಪನಿಗೆ ಏನಾದರೂ ಹೇಳಬೇಕಾದರೆ ಕಿವಿಯ ಹತ್ತಿರ ಬಾಯಿಟ್ಟು ಕಿರುಚಬೇಕು. ನಮ್ಮದು ಒಂದಕ್ಕೊಂದು ಗೋಡೆ ಅಂಟಿಕೊಂಡ ಮನೆಗಳ ವಠಾರ. ನೀರು ಬಂತು, ಊಟಕ್ಕೆ ಬಾ ಎನ್ನುವುದನ್ನು ಕಿರುಚಬಹುದು. ನೀನು ಕೂರುತ್ತಿದ್ದ ಕಡೆ ನನಗೆ ಕೂರಲಾಗಲಿಲ್ಲ ಅಪ್ಪ ಎನ್ನುವುದನ್ನು ಅಕ್ಕಪಕ್ಕದವರೆಲ್ಲ ಕೇಳುವ ಹಾಗೆ ಹೇಗೆ ಕಿರುಚುವುದು? ಬರೆದು ತೋರಿಸೋಣವೆಂದರೆ ಅವನಿಗೆ ಓದು ಬರಹವಿಲ್ಲ. ಕೈಸನ್ನೆಯಲ್ಲಿ ಹೇಳುವಷ್ಟು ಸಣ್ಣ ಮಾತೂ ಅಲ್ಲ. ಹಾಗೇ ವರ್ಷಗಳು ಹೋದವು.

ಹೋಟೆಲಿನ ವಿಷಯ ಹೇಳುತ್ತೇನೆ. ಡೋಲು ಬಾರಿಸಲು ಚಕ್ಕಳಮಕ್ಕಳ ಕೂರುತ್ತೇವೆ, ಕಾಲಿಗೆ ಕೆಲಸವಿಲ್ಲ. ಡ್ರಮ್ಸ್‌ನಲ್ಲಿ ಎರಡೂ ಕಾಲಿಗೆ ಬೇರೆ ಬೇರೆ ಕೆಲಸ. ಮೊದಮೊದಲು ನನ್ನ ಕಾಲುಗಳು ಹಟಮಾರಿ ದನದ ಹಾಗೆ ಎಳೆದ ಕಡೆ ಬರುತ್ತಿರಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗಲೂ ಕಾಲಾಡಿಸಿ ಅವ್ವನ ಹತ್ತಿರ ಬೈಸಿಕೊಂಡೆ. ಮ್ಯಾನೇಜರ್ ಒಳ್ಳೆಯ ಮನುಷ್ಯ, ಆದರೆ ಅವರಿಗೆ ಡ್ರಮ್ಸ್ ಕಾಣಬೇಕು, ಕೇಳಬಾರದು. "ಮೆಲ್ಲಗೆ ಕಣಯ್ಯ, ಕಸ್ಟಮರ್ಸ್ ಮಾತಾಡ್ಬೇಕು" ಎಂದು ಬಂದು ಬಂದು ಹೇಳುತ್ತಿದ್ದರು. ಕಡ್ಡಿಯ ಬದಲು ತಂತಿಯ ಬ್ರಷ್ ಹಿಡಿದು ಅಕ್ಕಿ ಕೇರುವಷ್ಟು ಸದ್ದಿನಲ್ಲಿ ಬಾರಿಸುವುದನ್ನು ಕಲಿತೆ. ಇದನ್ನು ಬೇಡದ ವಿದ್ಯೆ ಎಂದುಕೊಳ್ಳಬೇಡಿ. ಮೆಲ್ಲಗೆ ಬಾರಿಸುವಾಗಲೇ ಜೊತೆಯವನು ಉಸಿರು ಎಳೆದುಕೊಳ್ಳುವುದು ಕೇಳುವುದು.

ಒಂದು ಭಾನುವಾರ ಸಂಜೆ, ಜೋಡಿಗಳು ಕುಣಿಯುತ್ತಿದ್ದರು. ಸಿರಿಲ್ ನಿಧಾನದ ಒಂದು ಹಾಡು ಊದುತ್ತಿದ್ದ. ಮೂಲೆಯ ಮೇಜಿನಲ್ಲಿ ಕೋಟು ಹಾಕಿದ ದೊಡ್ಡ ಮನುಷ್ಯರೊಬ್ಬರು ಬೇರರ್‌ನನ್ನು ಕರೆಯಲು ತೋರುಬೆರಳೆತ್ತಿ ಆಡಿಸಿದರು. ನನ್ನ ಕೈ ನನ್ನನ್ನು ಕೇಳಲಿಲ್ಲ. ಗಟ್ಟಿಮೇಳ ಹೊಡೆದುಬಿಟ್ಟೆ. ಕುಣಿಯುತ್ತಿದ್ದವರು ಬೆಚ್ಚಿ ನಿಂತರು, ಬೇರರ್ ತಟ್ಟೆ ಬೀಳಿಸಿದ, ಪಿಯಾನೋದವನು ಕೈಯೆತ್ತಿಕೊಂಡು ಕೂತ. ಸಿರಿಲ್ ಒಬ್ಬ ನಿಲ್ಲಿಸಲಿಲ್ಲ. ತಿರುಗಿ ನನ್ನನ್ನು ನೋಡಿದ, ಹಾಡನ್ನು ಅಲ್ಲೇ ಬಿಟ್ಟು ನನ್ನ ಹಿಂದೆ ಬಂದ. ಅವನು ಚೀರಿದ, ನಾನು ಉತ್ತರ ಕೊಟ್ಟೆ, ಅವನು ಅಡ್ಡದಾರಿ ಹಿಡಿದ, ನಾನು ಕಾದು ನಿಂತೆ. ಇಬ್ಬರೂ ಸುಸ್ತಾಗಿ ನಿಂತಾಗ ಹಾಲ್ ಸ್ಮಶಾನದ ಹಾಗಿತ್ತು. ಮ್ಯಾನೇಜರ್ ಬಂದು, "ನಂಜುಂಡ, ನಿಂಗೇನಾದ್ರೂ ಫಿಟ್ಸ್ ಗಿಟ್ಸ್ ಇದೆಯೇನಪ್ಪಾ?" ಎಂದು ನಿಜವಾದ ಕಾಳಜಿಯಿಂದ ಕೇಳಿದರು. ಆ ವಾರವೇ ನಮ್ಮಿಬ್ಬರಿಗೂ ಅಲ್ಲಿ ಕೆಲಸ ಮುಗಿಯಿತು. ಇತಿಹಾಸ ಬರೆಯುವವರು ಈ ಊರಿನ ಮೊದಲ ಫ್ರೀ ಜಾಝ್ ಯಾವುದು ಎಂದು ಚರ್ಚೆ ಮಾಡುತ್ತಾರಂತೆ. ಅದು ಒಬ್ಬರು ಸೋಡಾ ತರಿಸಿಕೊಳ್ಳಲು ಬೆರಳೆತ್ತಿದ್ದರಿಂದ ಆದದ್ದು.

ಆಮೇಲೆ ಜಯನಗರದಲ್ಲಿ ಸಿರಿಲ್ ಬಾಡಿಗೆಗಿದ್ದ ಮನೆಯ ಕಾರ್ ಷೆಡ್ಡೇ ನಮ್ಮ ಜಾಗ. ಓನರ್ ಆಂಟಿ ಮೊದಲ ದಿನ ಓಡಿ ಬಂದು, "ಏನಪ್ಪಾ, ಅಟ್ಟದಿಂದ ಪಾತ್ರೆ ಬಿತ್ತಾ?" ಎಂದರು. ದಿನಾ ಅದೇ ಪಾತ್ರೆ ಬೀಳತೊಡಗಿದ ಮೇಲೆ ಸುಮ್ಮನಾದರು. ಹೊಟ್ಟೆಪಾಡಿಗೆ ಸಿರಿಲ್ ಶಾಲೆ, ನಾನು ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾಗಳು. ಷೆಡ್ಡಿನಲ್ಲಿ ಒಂದೇ ಅಭ್ಯಾಸ. ಎದುರುಬದುರು ಕೂತು ಒಬ್ಬರ ಭುಜ ಒಬ್ಬರು ನೋಡುವುದು. ಕೈ ನೋಡಿದರೆ ತಡವಾಗಿಬಿಡುತ್ತದೆ. ಏನಾದರೂ ಮಾಡುವ ಮುಂಚೆ ಮನುಷ್ಯ ಉಸಿರು ತೆಗೆದುಕೊಳ್ಳುತ್ತಾನೆ, ಭುಜ ಏಳುತ್ತದೆ. ಸಿರಿಲ್ "ಇದನ್ನ ಯಾರ್ ಹೇಳ್ಕೊಟ್ರು ಮ್ಯಾನ್?" ಎಂದು ಕೇಳಿದಾಗ ನಮ್ಮಪ್ಪ ಎಂದಿದ್ದೆ.

ಆ ಅಪ್ಪ ಮನೆಯ ಜಗಲಿಯಲ್ಲಿ ಕೂತಿರುತ್ತಿದ್ದ. ಮಾವ ಬೇರೊಬ್ಬ ಡೋಲಿನವನನ್ನು ಸೇರಿಸಿಕೊಂಡಿದ್ದ. ಲಗ್ನದ ದಿನಗಳಲ್ಲಿ ಮೇಳ ಬಸ್ ಸ್ಟಾಪಿಗೆ ಹೊರಟರೆ ಅಪ್ಪ ಒಳಗೆ ಎದ್ದು ಹೋಗುತ್ತಿದ್ದ. ನೆಂಟರ ಮದುವೆಗೂ ಬರುವುದನ್ನು ಬಿಟ್ಟ. ಮೊಳೆಗೆ ನೇತುಹಾಕಿದ್ದ ಡೋಲನ್ನು ಆಗಾಗ ಇಳಿಸಿ, ಬಾರು ಬಿಗಿದು, ಬಾರಿಸದೆ ಹಾಗೇ ಮತ್ತೆ ನೇತುಹಾಕುತ್ತಿದ್ದ. ನಾನು ಎದುರು ಬಂದರೆ ಮುಖ ಬೇರೆ ಕಡೆ ತಿರುಗಿಸುತ್ತಿದ್ದ. ಕಿವಿ ಕೇಳದವನು ಮುಖವನ್ನೂ ತಿರುಗಿಸಿಬಿಟ್ಟರೆ ಅವನ ಜೊತೆ ಮಾತಾಡಲು ಬೇರೆ ದಾರಿಯೇ ಇಲ್ಲ.

ಎಂಬತ್ತರ ದಶಕದ ಶುರುವಿನಲ್ಲಿ ಸಿರಿಲ್ ಧೈರ್ಯ ಮಾಡಿ ಜಯನಗರದ ಒಂದು ಸಣ್ಣ ಸಭಾಂಗಣ ಗೊತ್ತು ಮಾಡಿದ. ಭಾನುವಾರ ಬೆಳಿಗ್ಗೆ, ಬರೀ ನಾವಿಬ್ಬರು. ಅವ್ವ ಎಂದಿನಂತೆ ಇಡೀ ವಠಾರಕ್ಕೆ ಕೇಳುವ ಹಾಗೆ ಅಪ್ಪನಿಗೆ ಕಿರುಚಿದಳು, "ನಿನ್ ಮಗ ಜಯನಗರದಲ್ಲಿ ಬಾರಿಸ್ತಾನಂತೆ! ಹೋಗಿ ನೋಡು!" ಅಪ್ಪ ಮುಖ ತಿರುಗಿಸಿ ಜಗಲಿಗೆ ಎದ್ದು ಹೋದ.

ಜನ ಬಂದಿದ್ದರು. ಸಿರಿಲ್‌ನ ಶಾಲೆಯವರು, ಓನರ್ ಆಂಟಿ, ವೆಸ್ಟರ್ನ್ ಮ್ಯೂಸಿಕ್ ಎಂದು ಬೋರ್ಡು ನೋಡಿ ಒಳಗೆ ಬಂದವರು. ಶುರು ಮಾಡಿದ ಸ್ವಲ್ಪ ಹೊತ್ತಿಗೆ ಹಿಂದಿನ ಸಾಲು ಎದ್ದಿತು. ಆಮೇಲೆ ನಡುವಿನದು. ಕೆಲವರು ಬಗ್ಗಿಕೊಂಡು ಮರ್ಯಾದೆಯಿಂದ ಹೋದರು, ಕೆಲವರು ಕುರ್ಚಿ ಸದ್ದು ಮಾಡಿಕೊಂಡು ಹೋದರು. ಆಂಟಿ ಕೂಡ, ಪಾಪ, ಕೈಗಡಿಯಾರ ನೋಡಿಕೊಂಡು ಹೊರಟರು. ಜನ ಎದ್ದು ಹೋಗುವುದನ್ನು ನೋಡುತ್ತಾ ಬಾರಿಸುವುದು ಬಹಳ ಕಷ್ಟ, ಅದು ಅಭ್ಯಾಸವಾಗುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಸಿರಿಲ್‌ನ ತುಟಿ ಒಣಗಿತು. ಅವನು ಸ್ಯಾಕ್ಸೊಫೋನ್ ಇಳಿಸಿ ವೇದಿಕೆಯ ಅಂಚಿನಲ್ಲಿ ಕೂತ. ನಾನೂ ನಿಲ್ಲಿಸೋಣವೆಂದು ತಲೆಯೆತ್ತಿದೆ.

ಖಾಲಿ ಕುರ್ಚಿಗಳ ನಡುವೆ ಒಬ್ಬನೇ ಒಬ್ಬ ಉಳಿದಿದ್ದ. ಜರಿಯಂಚಿನ ಪಂಚೆ, ಮುಹೂರ್ತಗಳಿಗೆ ಹಾಕಿಕೊಳ್ಳುತ್ತಿದ್ದ ಕೋಟು. ಯಾವಾಗ ಬಂದು ಕೂತಿದ್ದನೋ. ಇಷ್ಟು ಹೊತ್ತೂ ನನ್ನ ಭುಜ ನೋಡುತ್ತಿದ್ದ ಎನ್ನುವುದು ಅವನ ಕಣ್ಣಿನಲ್ಲೇ ಗೊತ್ತಾಯಿತು. ಕಣ್ಣಿಗೆ ಕಣ್ಣು ಸೇರಿದಾಗ ಅಪ್ಪ ಎರಡು ಬೆರಳನ್ನು ಗಂಟಲಿಗೆ ಮುಟ್ಟಿಸಿ ಹುಬ್ಬು ಹಾರಿಸಿದ.

ನಾನು ಇಲ್ಲವೆಂದು ತಲೆಯಾಡಿಸಿದೆ. ತಾಳಿ ಇನ್ನೂ ಬಂದಿಲ್ಲ.

ಅಪ್ಪ ಎದ್ದ. ವೇದಿಕೆಯ ಕೆಳಗೆ ಚಪ್ಪಲಿ ಬಿಟ್ಟು ಮೇಲೆ ಬಂದ. ನನ್ನ ಬಲಗಡೆ ನೆಲದ ಮೇಲೆ ನಿಲ್ಲಿಸಿದ್ದ ದೊಡ್ಡ ಡ್ರಮ್ಮಿನ ಮುಂದೆ ಕುರ್ಚಿ ಎಳೆದುಕೊಂಡು, ಡೋಲಿಗೆ ಹಿಡಿಯುವ ಹಾಗೆ ಎಡಗೈಗೆ ನನ್ನದೊಂದು ಕಡ್ಡಿ ತೆಗೆದುಕೊಂಡು, ಬಲಗೈ ಬರಿದಾಗಿಟ್ಟುಕೊಂಡು ಬಾರಿಸಲು ಶುರು ಮಾಡಿದ. ಅದೇ ಗಟ್ಟಿಮೇಳ. ನನ್ನ ಭುಜ ಸೋಲುವುದು ಕಂಡಾಗ ಅವನು ಬಂದ, ಅವನದು ಸೋತಾಗ ನಾನು. ಕೈಗೆ ವಯಸ್ಸಾಗಿತ್ತು, ಮೊದಲಿನಷ್ಟು ಜೋರಿರಲಿಲ್ಲ. ಆದರೆ ನಾನು ಬಿಟ್ಟ ಅರ್ಧ ಮಾತುಗಳನ್ನೆಲ್ಲ ಅವನು ಎತ್ತಿಕೊಂಡ. ಸಿರಿಲ್ ಸ್ಯಾಕ್ಸೊಫೋನ್ ಮುಟ್ಟದೆ ಕೂತು ಕೇಳಿದ. ಬೀಗ ಹಾಕಲು ಬಂದ ವಾಚ್‌ಮನ್ ಬಾಗಿಲಲ್ಲೇ ನಿಂತುಕೊಂಡ. ನನ್ನ ಕಣ್ಣಿನಲ್ಲಿ ನೀರು ಬರುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಇನ್ನು ಆಗುವುದಿಲ್ಲ ಎನ್ನುವಷ್ಟಾದಾಗ ಎರಡು ಬೆರಳು ಗಂಟಲಿಗೆ ಮುಟ್ಟಿಸಿ ಹೂಂ ಎಂದೆ. ಇಬ್ಬರ ಕೈಯೂ ಒಟ್ಟಿಗೆ ನಿಂತಿತು.

ಅಪ್ಪ ಏದುಸಿರು ಬಿಡುತ್ತಾ, ಕೋಟಿನ ತೋಳಲ್ಲಿ ಮುಖ ಒರೆಸಿಕೊಂಡು, "ಅವತ್ತು ಶುರು ಮಾಡಿದ್ದು. ಇನ್ನೂ ನಿಲ್ಸೇ ಇಲ್ವೇನೋ ನೀನು?" ಎಂದ. ಆಮೇಲೆ ಡ್ರಮ್ಮಿನ ಅಂಚು ಸವರುತ್ತಾ, "ನನ್ ಕಿವಿಗೆ ನಾಚ್ಕೊಂಡು ಬಿಟ್ಟೋದೆ ಅಂದ್ಕೊಂಡಿದ್ದೆ" ಎಂದ.

ನಾನು ಸುತ್ತ ನೋಡಿದೆ. ಸಾಲು ಸಾಲು ಖಾಲಿ ಕುರ್ಚಿಗಳು. ಅಕ್ಕಪಕ್ಕದ ಗೋಡೆ ಇಲ್ಲ, ವಠಾರವಿಲ್ಲ. ಎಲ್ಲರೂ ಎದ್ದು ಹೋಗಿದ್ದು ಎಷ್ಟು ಒಳ್ಳೆಯದಾಯಿತು ಎಂದು ಆಗ ಅನ್ನಿಸಿತು. ಅಪ್ಪನ ಕಿವಿಯ ಹತ್ತಿರ ಬಾಯಿಟ್ಟು, ನನ್ನಲ್ಲಿದ್ದ ಧ್ವನಿಯನ್ನೆಲ್ಲ ಹಾಕಿ ಕೂಗಿದೆ.

"ಓಡಿಹೋಗಿಲ್ಲಪ್ಪಾ! ನಿನ್ ಜಾಗದಲ್ಲಿ ಕೂರಕ್ಕೆ ನನ್ ಕೈಲಿ ಆಗ್ಲಿಲ್ಲ!"

ಸಭಾಂಗಣದ ಮೂಲೆಮೂಲೆಗೂ ಹೋಗಿ ಅದು ತಿರುಗಿ ಬಂತು. ಅಪ್ಪ ನನ್ನ ಮುಖವನ್ನೇ ನೋಡುತ್ತಾ ಬೆನ್ನ ಮೇಲೆ ಕೈಯಿಟ್ಟು ಹೇಳಿದ.

"ಯಾಕೋ ಅಷ್ಟು ಕೂಗ್ತೀಯ? ಕೇಳಿಸ್ತು."